8,500 ರೂಪಾಯಿಯ 'ಪ್ರಶ್ನೆ ಕೇಳೋ' ಡ್ರಾಯಿಂಗ್ ಕಿಟ್: ಒಂದು ವರ್ಷ ಬಳಸಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ನಾನು ಮಂಡ್ಯ ಕಡೆ ಒಂದು ಅನುದಾನಿತ ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರು, 17 ವರ್ಷದ ಸರ್ವಿಸ್ಸು. ಚಿತ್ರ ತೋರಿಸಿ ಮಕ್ಕಳಿಗೆ ಪ್ರಶ್ನೆ ಕೇಳ್ತಾ ಡ್ರಾಯಿಂಗ್ ಕಲಿಸೋ ಈ ಕಿಟ್ಟು ನಾನು ಕೈಯಿಂದ ದುಡ್ಡು ಹಾಕಿ ತಗೊಂಡಿದ್ದಲ್ಲ, ನಮ್ಮ ಹಳೇ ವಿದ್ಯಾರ್ಥಿಗಳ ಸಂಘದೋರು ಕೊಡ್ಸಿದ್ದು, 8,500 ರೂಪಾಯಿ, ಜೊತೆಗೆ ಎರಡು ದಿನದ ಟ್ರೈನಿಂಗ್ ಫ್ರೀ. ಕಂಪನಿ ಹೆಸರು ಬರೆಯಲ್ಲ. ಅವರ ಮೇಲೆ ನಂಗೇನೂ ಸಿಟ್ಟಿಲ್ಲ, ಫೋನ್ ಮಾಡಿದ್ರೆ ಎತ್ತುತ್ತಾರೆ, ಮರ್ಯಾದೆಯಾಗೇ ಮಾತಾಡ್ತಾರೆ. ಆದ್ರೆ ಬೇರೆ ಬೇರೆ ಸ್ಕೂಲಿನ ಡ್ರಾಯಿಂಗ್ ಟೀಚರುಗಳು 'ತಗೋಬಹುದಾ ಸಾರ್, ಚೆನ್ನಾಗಿದ್ಯಾ' ಅಂತ ಕೇಳ್ತಾನೇ ಇದ್ದಾರೆ, ಒಬ್ಬೊಬ್ಬರಿಗೂ ಅರ್ಧರ್ಧ ಗಂಟೆ ಫೋನಲ್ಲಿ ಹೇಳೋ ಬದಲು ಇಲ್ಲಿ ಒಂದೇ ಸಲ ಬರೆದು ಲಿಂಕ್ ಕಳಿಸಿದ್ರೆ ಆಯ್ತು ಅಂತ ಕೂತಿದೀನಿ.

ಡಬ್ಬದಲ್ಲಿ ಇರೋದು ಇಷ್ಟು: ಲ್ಯಾಮಿನೇಟ್ ಮಾಡಿದ ಎ4 ಸೈಜಿನ 30 ಚಿತ್ರ, ಪ್ರಶ್ನೆ ಬರೆದಿರೋ ಬಣ್ಣಬಣ್ಣದ ಕಾರ್ಡು ಒಂದು ಕಟ್ಟು, ಒಂದು ಪುಟ್ಟ ಮರಳು ಗಡಿಯಾರ (ಅದು ಎರಡನೇ ವಾರಕ್ಕೇ ಒಡೆದೋಯ್ತು, ಯಾರೂ ಅತ್ತಿಲ್ಲ), ಇಂಗ್ಲಿಷಲ್ಲಿ ಟೀಚರ್ ಗೈಡು 96 ಪುಟ, ಕನ್ನಡದಲ್ಲಿ 4 ಪುಟದ ಜೆರಾಕ್ಸ್. ಪ್ರಿಂಟ್ ಕ್ವಾಲಿಟಿ ನಿಜವಾಗ್ಲೂ ಚೆನ್ನಾಗಿದೆ, ಬಣ್ಣ ಎಲ್ಲೂ ಅತ್ತಿತ್ತ ಆಗಿಲ್ಲ, ಲ್ಯಾಮಿನೇಷನ್ನು ದಪ್ಪ, 58 ಹುಡುಗರ ಕೈಲಿ ಒಂದು ವರ್ಷ ಓಡಾಡಿಯೂ ಮೂಲೆ ಕಿತ್ತಿಲ್ಲ. ಅದಕ್ಕೆ ಪೂರ್ತಿ ಮಾರ್ಕ್ಸು.

ಕನ್ನಡದ ಜೆರಾಕ್ಸ್ ಬಗ್ಗೆ ಹೇಳ್ಲೇಬೇಕು. ಅದರ ತಲೆಬರಹ 'ವಿಚಾರಣೆ ಆಧಾರಿತ ಚಿತ್ರಕಲಾ ಕಲಿಕೆ'. ಅವರ ಇಂಗ್ಲಿಷ್ ಗೈಡಲ್ಲಿ ಪುಟಕ್ಕೆ ಹತ್ತು ಸಲ ಬರೋ ಎನ್‌ಕ್ವೈರಿ (ಅಲ್ಲಿ ಅದರರ್ಥ ಕೇಳಿ ಹುಡುಕಿ ಕಲಿಯೋದು) ಅನ್ನೋ ಪದವನ್ನ ಯಾರೋ ಸೀದಾ ವಿಚಾರಣೆ ಮಾಡ್ಬಿಟ್ಟಿದ್ದಾರೆ. ನಮ್ಮ ಎಚ್ಎಮ್ಮು ಟೇಬಲ್ ಮೇಲಿದ್ದ ಆ ಹಾಳೆ ನೋಡಿ ಕನ್ನಡಕ ಏರಿಸ್ಕೊಂಡು 'ಏನ್ ಮೇಷ್ಟ್ರೇ, ಯಾರ ಮೇಲೆ ವಿಚಾರಣೆ, ಇಲಾಖಾ ವಿಚಾರಣೇನಾ' ಅಂದ್ರು. ಸ್ಟಾಫ್ ರೂಮಲ್ಲಿ ಆವತ್ತಿಂದ ನನ್ನ ಪಿರಿಯಡ್ಡಿಗೆ ಪೊಲೀಸ್ ಸ್ಟೇಷನ್ ಅಂತಾನೇ ಹೆಸರು. ತಮಾಷೆ ಇರ್ಲಿ, ಮಕ್ಕಳಿಗೂ ಹಾಗೇ ಅನ್ಸಿತ್ತು ಮೊದಲು, ಮೇಷ್ಟ್ರು ಪ್ರಶ್ನೆ ಕೇಳ್ತಾರೆ ಅಂದ್ರೆ ಏನೋ ತಪ್ಪು ಮಾಡಿದೀವಿ ಅಂತ ಎದ್ದು ಕೈ ಕಟ್ಟಿ ನಿಲ್ಲೋರು. ನಾನು ಆಮೇಲೆ ಆ ಪದಾನೇ ಬಿಟ್ಟೆ, 'ನೋಡಿ ಕೇಳೋ ಪಿರಿಯಡ್ಡು' ಅಂತ ಕರೆದೆ, ಸರಿಹೋಯ್ತು.

ಟ್ರೈನಿಂಗ್ ಬಗ್ಗೆ ಜಾಸ್ತಿ ಬರೆಯೋಕೆ ಏನಿಲ್ಲ. ಒಂದೂವರೆ ದಿನ ಪಿಪಿಟಿ, ಅರ್ಧ ದಿನ ಊಟ ಮತ್ತು ಗ್ರೂಪ್ ಫೋಟೋ. ಊಟ ಚೆನ್ನಾಗಿತ್ತು.

ಈಗ ವಿಷಯಕ್ಕೆ ಬರ್ತೀನಿ. ಈ ಕಿಟ್ಟಿನ ಜೀವ ಇರೋದು ಮೂರು ಪ್ರಶ್ನೆಲಿ. ಈ ಚಿತ್ರದಲ್ಲಿ ಏನು ನಡೀತಿದೆ? ಏನನ್ನ ನೋಡಿ ಹಾಗೆ ಹೇಳ್ತಿದೀಯ? ಇನ್ನೇನು ಕಾಣುತ್ತೆ? ಅಷ್ಟೇ. ಇದು ಕಂಪನಿಯೋರು ಕಂಡುಹಿಡಿದಿದ್ದಲ್ಲ, ಅಮೆರಿಕದಲ್ಲಿ ಅಬಿಗೈಲ್ ಹೌಸನ್ ಅನ್ನೋ ಮನಃಶಾಸ್ತ್ರಜ್ಞೆ, ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಲ್ಲಿ ಶಿಕ್ಷಣ ವಿಭಾಗ ನೋಡ್ಕೊಳ್ತಿದ್ದ ಫಿಲಿಪ್ ಯೆನವೈನ್, ಇವರಿಬ್ಬರೂ ಸೇರಿ ಮಾಡಿದ್ದು, ವಿಟಿಎಸ್ (ವಿಷುಯಲ್ ಥಿಂಕಿಂಗ್ ಸ್ಟ್ರಾಟಜೀಸ್) ಅಂತ ಕರೀತಾರೆ. ಇನ್ನೊಂದು ಕಾರ್ಡ್ ಇದೆ, 'ನೋಡು, ಯೋಚಿಸು, ಅಚ್ಚರಿಪಡು' ಅಂತ, ಅದು ಹಾರ್ವರ್ಡಿನ ಪ್ರಾಜೆಕ್ಟ್ ಜೀರೋದ್ದು, 1967ರಲ್ಲಿ ನೆಲ್ಸನ್ ಗುಡ್‌ಮನ್ ಅನ್ನೋ ತತ್ವಶಾಸ್ತ್ರಜ್ಞ ಶುರು ಮಾಡಿದ ಸಂಸ್ಥೆ. ಅವರ ವೆಬ್‌ಸೈಟಲ್ಲಿ ಇಂಥವು ರಾಶಿ ಇವೆ, ಬಿಟ್ಟಿ, ಡೌನ್‌ಲೋಡ್ ಮಾಡ್ಕೋಬಹುದು. ಇದು ನಂಗೆ ಗೊತ್ತಾಗಿದ್ದು ಕಿಟ್ ಬಂದು ಮೂರು ತಿಂಗಳಾದ್ಮೇಲೆ, ಗೊತ್ತಾದಾಗ ಸ್ವಲ್ಪ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ.

ಹಾಗಂತ ವಿಧಾನ ಸುಳ್ಳಲ್ಲ. ನಮ್ ಕಡೆ ಡ್ರಾಯಿಂಗ್ ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತು. ಮೇಷ್ಟ್ರು ಬೋರ್ಡ್ ಮೇಲೆ ಬರೀತಾರೆ, ಮಕ್ಕಳು ಅದನ್ನೇ ಇಳಿಸ್ತಾರೆ. 'ನಿಮಗಿಷ್ಟ ಬಂದಿದ್ದು ಬರೀರಿ' ಅಂದ್ರೆ 58ರಲ್ಲಿ ಐವತ್ತು ಜನ ಸೀನರಿ. ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ, ಒಂದು ನದಿ, ಒಂದು ಗುಡಿಸಲು, ಒಂದು ತೆಂಗಿನಮರ, ಆಕಾಶದಲ್ಲಿ ನಾಲ್ಕು ವಿ ಆಕಾರದ ಹಕ್ಕಿ. ನಾನೂ ಅದನ್ನೇ ಬರೆದು ಪ್ರೈಜ್ ತಗೊಂಡೋನು, ಅದಕ್ಕೇ ಮಕ್ಕಳನ್ನ ಬೈಯೋಕೆ ಬಾಯಿ ಬರಲ್ಲ. ಮೊದಲನೇ ವಾರ ಕಿಟ್ಟಿನ ಚಿತ್ರ ಪಕ್ಕಕ್ಕಿಟ್ಟು ಅವರ ಸೀನರೀನೇ ಗೋಡೆಗೆ ಅಂಟಿಸಿ ಆ ಮೂರು ಪ್ರಶ್ನೆ ಕೇಳಿದೆ. ಇದು ಯಾವೂರು? ಏನು ನೋಡಿ ಹೇಳ್ತೀಯ? ಕ್ಲಾಸು ಸೈಲೆಂಟು. ಆಮೇಲೆ ಹಿಂದಿನ ಬೆಂಚಿಂದ ಒಬ್ಬ 'ಸಾ, ನಮ್ಮೂರಿಂದ ಬೆಟ್ಟಾನೇ ಕಾಣಲ್ವಲ್ಲ ಸಾ' ಅಂದ. ನಿಜ ಕಣ್ರೀ, ನಮ್ಮ ಸ್ಕೂಲ್ ಮಹಡಿ ಮೇಲೆ ನಿಂತ್ರೆ ಕಾಣೋದು ಕಬ್ಬಿನ ಗದ್ದೆ, ನಾಲೆ ಏರಿ, ನೀರಿನ ಟ್ಯಾಂಕು, ಟ್ರಾನ್ಸ್‌ಫಾರ್ಮರು, ಆಲೆಮನೆ ಹೊಗೆ. ಮುಂದಿನ ಪಿರಿಯಡ್ಡು ಎಲ್ಲರನ್ನೂ ಮಹಡಿ ಮೇಲೆ ಕರ್ಕೊಂಡೋದೆ. ಟ್ರಾನ್ಸ್‌ಫಾರ್ಮರ್ ಬರೆಯೋದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯ್ತು, ನಂಗೂ! ಚಿತ್ರಗಳು ನೀಟಾಗಿ ಬಂದವಾ ಅಂದ್ರೆ ಇಲ್ಲ, ಕೆಟ್ಟದಾಗಿ ಬಂದ್ವು, ಆದ್ರೆ 58 ಚಿತ್ರಾನೂ ಬೇರೆ ಬೇರೆ ಇದ್ವು. 17 ವರ್ಷದಲ್ಲಿ ಮೊದಲನೇ ಸಲ.

ಕಿಟ್ಟಿನ 30 ಚಿತ್ರದಲ್ಲಿ 21 ಯುರೋಪು ಅಮೆರಿಕದ್ದು. ವ್ಯಾನ್ ಗೋ, ಮೊನೆ, ಪಿಕಾಸೊ ಎಲ್ಲಾ ಇದ್ದಾರೆ. ಜಪಾನಿನ ಹೊಕುಸಾಯ್ ಬರೆದ ಅಲೆ ಒಂದು. ನಮ್ಮ ಕಡೇದು ಅಂತ ಬೇಲೂರಿನ ಒಂದು ಶಿಲಾಬಾಲಿಕೆ ಫೋಟೋ, ಮತ್ತೆ ಮೈಸೂರಿನ ಜಗನ್ಮೋಹನ ಅರಮನೇಲಿರೋ ದೀಪ ಹಿಡಿದ ಹೆಂಗಸು. ನಮ್ಮೋರೇ ಆದ ವೆಂಕಟಪ್ಪ ಇಲ್ಲ, ಹೆಬ್ಬಾರ್ ಇಲ್ಲ. ಸಾಗರದ ಕಡೆ ದೀವರ ಮನೆ ಗೋಡೆಗಳ ಮೇಲಿನ ಹಸೆ ಚಿತ್ತಾರ ಒಂದಾದ್ರೂ ಹಾಕಬಹುದಿತ್ತು, ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ, 'ಈ ಬಣ್ಣ ಎಲ್ಲಿಂದ ಬಂತು' ಅಂತ ಕೇಳೋಕೆ ಅದಕ್ಕಿಂತ ಒಳ್ಳೇದು ಬೇಕಾ. ಇದನ್ನ ಫೀಡ್‌ಬ್ಯಾಕ್ ಫಾರ್ಮಲ್ಲಿ ಬರೆದೂ ಕೊಟ್ಟೆ.

ಆದ್ರೆ ಆ ದೀಪದ ಹೆಂಗಸಿನ ಕಾರ್ಡು ಇದೆಯಲ್ಲ, ಅದೊಂದ್ರಲ್ಲಿ ನಮಗೆ ಐದು ವಾರ ಹೋಯ್ತು.

ಆ ಚಿತ್ರ ಗೊತ್ತಿಲ್ಲದೋರು ನಮ್ ಕಡೆ ಇಲ್ಲ, ಕ್ಯಾಲೆಂಡರಲ್ಲಿ, ಫೋಟೋ ಫ್ರೇಮ್ ಅಂಗಡೀಲಿ, ಮದುವೆ ಮನೆ ಗೋಡೇಲಿ ನೋಡೇ ಇರ್ತಾರೆ. ಒಂದು ಕೈಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ, ಬೆರಳ ಸಂದಿಂದ ಬೆಳಕು ತೂರಿ ಮುಖದ ಮೇಲೆ ಬೀಳುತ್ತೆ. ನಾನು ಪ್ರಶ್ನೆ ಕೇಳಿದೆ. 'ಕರೆಂಟ್ ಹೋಗಿದೆ ಸಾ.' 'ದೇವರ ಮನೆಗೆ ಹೋಗ್ತಾವ್ಳೆ.' 'ಇಲ್ಲ ಯಾರೋ ಬಾಗಿಲು ತಟ್ಟವ್ರೆ, ನೋಡೋಕೆ ಬರ್ತಾವ್ಳೆ.' ಏನು ನೋಡಿ ಹೇಳ್ತೀಯ ಅಂದ್ರೆ ಸೀರೆ ಅಂಚು, ಕಣ್ಣು, ನೆರಳು, ಒಂದೊಂದೇ ತೋರಿಸ್ತಾ ಹೋದ್ರು. ಆಗ ಒಂದು ಹುಡುಗಿ ಕೇಳಿದ್ಲು: 'ಸಾ, ಬೆರಳು ಯಾಕೆ ಕೆಂಪಗಿದೆ?'

ಗೈಡಲ್ಲಿ ಇದಕ್ಕೆ ಉತ್ತರ ಇಲ್ಲ. ಕಿಟಕಿ ಮುಚ್ಚಿಸಿದೆ, ಮೊಬೈಲ್ ಟಾರ್ಚ್ ಹಾಕಿ ಅಂಗೈ ಅಡ್ಡ ಇಟ್ಟೆ. ಬೆರಳ ಅಂಚೆಲ್ಲಾ ಕೆಂಡದ ಥರ. ಒಬ್ಬೊಬ್ಬರೂ ಬಂದು ಕೈ ಇಟ್ಟು ನೋಡಿದ್ರು, ಗಲಾಟೆ ಕೇಳಿ ಪಕ್ಕದ ಕ್ಲಾಸಿಂದ ಸೈನ್ಸ್ ಮೇಡಮ್ಮು ಬಂದ್ರು ಬೈಯೋಕೆ ಅಂತ, ಬಂದೋರು ನಿಂತು ರಕ್ತ ಮಾಂಸದಲ್ಲಿ ಬೇರೆ ಬಣ್ಣದ ಬೆಳಕು ಹೀರ್ಕೊಂಡೋಗುತ್ತೆ, ಕೆಂಪು ಮಾತ್ರ ಜಾಸ್ತಿ ದಾಟಿ ಬರುತ್ತೆ ಅಂತ ವಿವರಿಸಿ ಹೋದ್ರು. ಆಮೇಲೆ ಬರೆಯೋಕೆ ಕೂತ್ರು, ವಾಟರ್ ಕಲರಲ್ಲಿ. ದೀಪದ ಬೆಳಕು ತರೋಕೆ ಎಲ್ಲರೂ ಬಿಳಿ ಟ್ಯೂಬ್ ಹಿಂಡಿದ್ದೇ ಹಿಂಡಿದ್ದು, ಹಳದಿಗೆ ಬಿಳಿ ಸೇರಿ ಹಾಲು ಕದಡಿದಂಗಾಯ್ತು, ಹೊಳಪೇ ಇಲ್ಲ. ನಾನು ಬಾಯಿ ಬಿಡ್ಲಿಲ್ಲ, ಕಷ್ಟಪಟ್ಟು ಸುಮ್ನಿದ್ದೆ, ನಾಲಿಗೆ ತುದೀಲಿ ಇತ್ತು. ಮೂರನೇ ವಾರ ಅದೇ ಹುಡುಗಿ ದೀಪದ ಜಾಗ ಹಾಗೇ ಬಿಳಿ ಹಾಳೆ ಬಿಟ್ಟು ಸುತ್ತ ಮಾತ್ರ ಕಪ್ಪು ಕಂದು ಹಚ್ಕೊಂಡ್ ಬಂದ್ಲು. ಹಾಳೇನೇ ದೀಪ. 'ಟ್ಯೂಬ್ ಖಾಲಿ ಆಗಿತ್ತು ಸಾ' ಅಂದ್ಲು. ಆ ಮೂಲ ಚಿತ್ರಾನೂ ವಾಟರ್ ಕಲರ್ರೇ ಅಂತ ಆಗ ಹೇಳಿದೆ, ಇಡೀ ಕ್ಲಾಸು ಎದ್ದು ಬಂದು ಕಾರ್ಡ್ ಮೇಲೆ ಬಗ್ಗಿತು. ಬೋರ್ಡ್ ಮೇಲೆ 'ಬೆಳಕಿನ ಜಾಗ ಖಾಲಿ ಬಿಡಿ' ಅಂತ ನಾನು ಹದಿನೇಳು ವರ್ಷ ಬರೆದಿದೀನಿ, ಒಬ್ರೂ ಬಿಟ್ಟಿರಲಿಲ್ಲ.

ಇಲ್ಲಿಗೆ ಮುಗೀಬೇಕಿತ್ತು. ಆದ್ರೆ ಕಾರ್ಡ್ ಹಿಂದೆ ಏನು ಪ್ರಿಂಟಾಗಿತ್ತು ಅಂದ್ರೆ 'ಕಲಾವಿದ: ರಾಜಾ ರವಿವರ್ಮ'. ಮುಂದೆ ಬ್ರಾಕೆಟಲ್ಲಿ 1945-46. ನಾನೂ ನೋಡಿ ನೋಡದಂಗೆ ಇದ್ದೆ, ಸತ್ಯ ಹೇಳ್ಬೇಕಂದ್ರೆ ಸುಮಾರು ವರ್ಷ ನಾನೂ ರವಿವರ್ಮ ಅಂತಾನೇ ಅಂದ್ಕೊಂಡಿದ್ದೋನು, ನಮ್ಮಜ್ಜಿ ಮನೆ ಗೋಡೇಲಿ ಹಾಗೇ ಬರೆದಿತ್ತು. ಕ್ಲಾಸಲ್ಲಿ ಒಬ್ಬ ಕ್ವಿಜ್ ಹುಚ್ಚ ಇದ್ದಾನೆ, ಅವನು ಬಂದು 'ಸಾ, ರವಿವರ್ಮ ಸತ್ತಿದ್ದು 1906ರಲ್ಲಿ, 40 ವರ್ಷ ಆದ್ಮೇಲೆ ಎದ್ದು ಬಂದು ಬರೆದ್ರಾ' ಅಂದ.

ಈಗ ನೋಡಿ, ಕಿಟ್ಟಿನ ಗೈಡು ಏನು ಹೇಳುತ್ತೆ ಅಂದ್ರೆ ಟೀಚರ್ ಮಾಹಿತಿ ಕೊಡ್ಬಾರ್ದು, ಸರಿ ತಪ್ಪು ಅನ್ನಬಾರ್ದು, ಮಕ್ಕಳು ಹೇಳಿದ್ದನ್ನೇ ಬೇರೆ ಮಾತಲ್ಲಿ ತಿರುಗಿಸಿ ಹೇಳ್ಬೇಕು, ಮತ್ತೆ ಇನ್ನೇನು ಕಾಣುತ್ತೆ ಅಂತ ಕೇಳ್ಬೇಕು. ಚಿತ್ರ ನೋಡೋಕೆ ಕಲಿಸೋವಾಗ ಇದು ಸರಿ, ಟ್ಯೂಬ್ ವಿಷಯದಲ್ಲಿ ಕೆಲಸ ಮಾಡ್ತು. ಆದ್ರೆ ಇದನ್ನ ಬರೆದೋರು ಯಾರು ಅನ್ನೋದು ಚಿತ್ರವನ್ನ ನೂರು ಸಲ ನೋಡಿದ್ರೂ ಕಾಣಲ್ಲ. ಅಲ್ಲಿ 'ನಿಂಗೆ ಏನನ್ಸುತ್ತೆ' ಅಂತ ಕೇಳ್ಕೊಂಡು ಕೂತ್ರೆ ಪಿರಿಯಡ್ ವೇಸ್ಟು. ಹುಡುಕಬೇಕು. ನಾಲ್ಕು ಗುಂಪು ಮಾಡಿದೆ. ಒಂದು ಗುಂಪು ಊರಲ್ಲಿ ಯಾರ್ಯಾರ ಮನೇಲಿ ಈ ಫೋಟೋ ಇದೆ, ಕೆಳಗೆ ಏನು ಬರೆದಿದೆ ಅಂತ ನೋಡ್ಕೊಂಡು ಬಂತು, ಏಳು ಮನೆ, ಮೂರರಲ್ಲಿ ರವಿವರ್ಮ, ನಾಲ್ಕರಲ್ಲಿ ಏನೂ ಇಲ್ಲ. ಒಂದು ಗುಂಪು ಕಂಪ್ಯೂಟರ್ ಲ್ಯಾಬಲ್ಲಿ ಹಳೇ ಪೇಪರ್ ಸುದ್ದಿ ಹುಡುಕ್ತು, ಅಲ್ಲಿ ಸಿಕ್ಕಿದ್ದು ಎಸ್. ಎಲ್. ಹಳದಂಕರ್, ಮಹಾರಾಷ್ಟ್ರದ ಸಾವಂತವಾಡಿಯ ಕಡೆಯೋರು, ಚಿತ್ರಕ್ಕೆ ನಿಂತಿದ್ದು ಅವರ ಮಗಳು ಗೀತಾ, ಆಕೆ 102 ವರ್ಷ ಬದುಕಿ 2018ರಲ್ಲಿ ತೀರ್ಕೊಂಡ್ರು. ಕ್ಲಾಸಿಗೆ ಇದು ಸಿಡಿಲು ಬಡಿದಂಗೆ ಆಯ್ತು, ಕ್ಯಾಲೆಂಡರಿನ ಹೆಂಗಸು ಇವರೆಲ್ಲಾ ಹುಟ್ಟಿದ ಮೇಲೂ ಬದುಕಿದ್ಲು ಅಂದ್ರೆ!

ಮತ್ತೆ ರವಿವರ್ಮ ಹೆಸರು ಯಾಕೆ ಬಂತು? ಇದು ಮೂರನೇ ಗುಂಪಿನ ಪ್ರಶ್ನೆ, ನಾನು ಕೊಟ್ಟಿದ್ದಲ್ಲ. ರವಿವರ್ಮರ ಚಿತ್ರಗಳು ಅಚ್ಚಾಗಿ ಮನೆಮನೆಗೆ ಹೋಗಿದ್ವು, ಮೈಸೂರು ಅರಮನೆಗೂ ಅವರು ಬರೆದು ಕೊಟ್ಟಿದ್ರು, ಜಗನ್ಮೋಹನ ಅರಮನೇಲಿ ಅವರ ಚಿತ್ರಗಳೂ ಇವೆ, ಸೀರೆ ಉಟ್ಟ ಹೆಂಗಸಿನ ಹಳೇ ಚಿತ್ರ ಅಂದ್ರೆ ಜನ ರವಿವರ್ಮ ಅಂದ್ಬಿಡ್ತಾರೆ ಅಂತ ಅವರೇ ಸೇರಿಸಿ ಸೇರಿಸಿ ಹೇಳಿದ್ರು. ಇದು ಅವರ ಊಹೆ, ಊಹೆ ಅಂತಾನೇ ಬೋರ್ಡ್ ಮೇಲೆ ಬರೆಸಿದೆ, ಗೊತ್ತಿರೋದು ಒಂದು ಸಾಲು, ಊಹೆ ಒಂದು ಸಾಲು. ನಾಲ್ಕನೇ ಗುಂಪು ಏನೂ ಮಾಡ್ಲಿಲ್ಲ, ಅವರು ಕಬ್ಬು ತಿನ್ನೋಕೆ ಹೋಗಿದ್ರು, ಅದೂ ಹೇಳ್ಬೇಕಲ್ವಾ.

ಕಂಪನಿಗೆ ಮಕ್ಕಳ ಕೈಲೇ ಮೇಲ್ ಹಾಕಿಸಿದ್ವಿ. 'ಧನ್ಯವಾದ, ಮುಂದಿನ ಮುದ್ರಣದಲ್ಲಿ ಸರಿಪಡಿಸ್ತೀವಿ' ಅಂತ ಎರಡೇ ದಿನದಲ್ಲಿ ರಿಪ್ಲೈ ಬಂತು. ನಮ್ಮ ಕಾರ್ಡಿಗೆ ಮಾತ್ರ ನೋಟ್ ಬುಕ್ ಲೇಬಲ್ ಮೇಲೆ 'ಎಸ್. ಎಲ್. ಹಳದಂಕರ್' ಅಂತ ಬರೆದು ಅಂಟಿಸಿದೀವಿ, ಅಕ್ಷರ ಸ್ವಲ್ಪ ಸೊಟ್ಟ.

ಪಿಕಾಸೊದ ಗೆರ್ನಿಕಾ ಕಾರ್ಡ್ ಶುರೂಲಿ ಫ್ಲಾಪು. ಎ4 ಹಾಳೇಲಿ ಅದು ಇರುವೆ ಜಾತ್ರೆ ಥರ ಕಾಣುತ್ತೆ, ಒಬ್ಬಳು 'ಹಟ್ಟೀಲಿ ದನ ಕಿತ್ತಾಡ್ತಾವೆ' ಅಂದ್ಲು, ಅಲ್ಲಿಗೆ ನಿಂತೋಯ್ತು. ಹಿಂದೆ ಅಳತೆ ಇತ್ತು, ಎತ್ತರ 3.49 ಮೀಟರ್, ಅಗಲ 7.77 ಮೀಟರ್. ಪಿಟಿ ಮೇಷ್ಟ್ರ ಹತ್ರ ಟೇಪ್ ಇಸ್ಕೊಂಡು ಧ್ವಜದ ಕಟ್ಟೆ ಮುಂದೆ ಕಬಡ್ಡಿಗೆ ಹಾಕೋ ಸುಣ್ಣದ ಪುಡೀಲಿ ಅಷ್ಟುದ್ದ ಚೌಕ ಹಾಕ್ಸಿದೆ. 58 ಜನಾನೂ ಒಳಗೆ ನಿಂತ್ರು, ಇನ್ನೂ ಜಾಗ ಇತ್ತು. 1937ರಲ್ಲಿ ಸ್ಪೇನಿನ ಗೆರ್ನಿಕಾ ಅನ್ನೋ ಊರಿನ ಮೇಲೆ ಜರ್ಮನಿಯ ವಿಮಾನಗಳು ಬಾಂಬ್ ಹಾಕಿದ ಕಥೆ ಅಲ್ಲೇ ನಿಂತು ಹೇಳಿದೆ, ಗೈಡು ಬೇಡ ಅಂದ್ರೂ ಹೇಳಿದೆ. ವಾಪಸ್ ಕ್ಲಾಸಿಗೆ ಬಂದು ಕಾರ್ಡ್ ಮತ್ತೆ ನೋಡ್ತಿದ್ದಾಗ ಮೂರು ತಿಂಗಳಿಂದ ಒಂದು ಮಾತೂ ಆಡದ ಹುಡುಗ ಒಬ್ಬ ಬೆರಳಿಟ್ಟು ತೋರಿಸಿದ: 'ಸಾ, ಇಲ್ಲೂ ದೀಪ ಹಿಡ್ಕೊಂಡ್ ಹೆಂಗಸು ಐತೆ.' ಹೌದು, ಬಲಗಡೆ ಕಿಟಕಿಯಿಂದ ಕೈ ಚಾಚಿ ದೀಪ ಹಿಡಿದಿದ್ದಾಳೆ. ಅದರ ಪಕ್ಕದಲ್ಲೇ ಮೇಲೆ ಕರೆಂಟ್ ಬಲ್ಬ್ ಉರೀತಿದೆ. 'ಬಲ್ಬ್ ಇದ್ರೂ ದೀಪ ಯಾಕೆ ತಂದ್ಲು ಸಾ?'

ನಂಗೆ ಉತ್ತರ ಗೊತ್ತಿಲ್ಲ, ಹಾಗಂತಾನೇ ಹೇಳಿದೆ. ಆ ಪ್ರಶ್ನೆ ಕ್ಲಾಸಿನ ಗೋಡೆ ಮೇಲೆ ಇನ್ನೂ ಇದೆ, ಅವನ ಕೈಬರಹದಲ್ಲಿ.

ಇನ್ನು ಕಷ್ಟದ ವಿಷಯಗಳು. ಈ ಗೈಡ್ ಬರೆದೋರು 20 ಮಕ್ಕಳ ಕ್ಲಾಸನ್ನ ಮನಸ್ಸಲ್ಲಿಟ್ಕೊಂಡು ಬರೆದಿದ್ದಾರೆ, ಗುಂಡಾಗಿ ನೆಲದ ಮೇಲೆ ಕೂರಿಸಿ ಅಂತೆಲ್ಲಾ ಇದೆ. ನಮ್ದು 58, ಡೆಸ್ಕು ನೆಲಕ್ಕೆ ಬೋಲ್ಟ್ ಹಾಕಿದೆ. ಪ್ರಶ್ನೆ ಕೇಳಿದ್ರೆ ಅದೇ ಐದು ಕೈ ಎತ್ತೋದು, ಅದರಲ್ಲಿ ಒಂದು ಕ್ವಿಜ್ ಹುಚ್ಚನದ್ದು. ನಾನು ಕಂಡ್ಕೊಂಡ ಉಪಾಯ ಏನಂದ್ರೆ ಮೊದಲು ಮೂರು ನಿಮಿಷ ಯಾರೂ ಮಾತಾಡಂಗಿಲ್ಲ, ರಫ್ ನೋಟಲ್ಲಿ ಕಂಡಿದ್ದು ಐದು ಬರೀಬೇಕು, ಆಮೇಲೆ ನಾನು ಯಾವ್ದೋ ಬೆಂಚಿನ ನೋಟ್ ಎತ್ಕೊಂಡು ಓದ್ತೀನಿ, ಹೆಸರು ಹೇಳಲ್ಲ. ಇದರಿಂದ ಹಿಂದಿನ ಬೆಂಚು ಮಾತಾಡೋಕೆ ಶುರು ಮಾಡ್ತು. ಮರಳು ಗಡಿಯಾರ ಇದಕ್ಕೇ ಇತ್ತೋ ಏನೋ.

ಟೈಮು ಇನ್ನೊಂದು. ವಾರಕ್ಕೆ ಎರಡು ಪಿರಿಯಡ್, 40 ನಿಮಿಷದ್ದು, ಅದರಲ್ಲೂ ನವೆಂಬರ್ ಆದ್ಮೇಲೆ ಹತ್ತನೇ ಕ್ಲಾಸಿನ ಡ್ರಾಯಿಂಗ್ ಪಿರಿಯಡ್ಡನ್ನ ಮ್ಯಾಥ್ಸ್ ಮೇಷ್ಟ್ರು 'ಕೊಡಿ ಸಾರ್, ಪೋರ್ಷನ್ ಆಗಿಲ್ಲ' ಅಂತ ಕೇಳ್ಕೊಂಡು ಬರ್ತಾರೆ, ಇಲ್ಲ ಅನ್ನೋಕಾಗಲ್ಲ, ಎಸ್ಸೆಸ್ಸೆಲ್ಸಿ ರಿಸಲ್ಟು ಎಲ್ಲರ ತಲೆ ಮೇಲಿನ ಕತ್ತಿ. ಹಾಗಾಗಿ ಇದನ್ನ ಎಂಟು ಒಂಬತ್ತನೇ ಕ್ಲಾಸಲ್ಲಿ ಮಾಡೋದೇ ವಾಸಿ.

ಆಮೇಲೆ ಅಪ್ಪ ಅಮ್ಮಂದ್ರು. ಅವರಿಗೆ ಡ್ರಾಯಿಂಗ್ ಅಂದ್ರೆ ಲೋಯರ್ ಗ್ರೇಡು, ಹೈಯರ್ ಗ್ರೇಡು ಡ್ರಾಯಿಂಗ್ ಪರೀಕ್ಷೆಗಳ ಸರ್ಟಿಫಿಕೇಟು. ಅಲ್ಲಿ ನೋಡೋದು ಗೆರೆ ನೀಟಾಗಿದ್ಯಾ, ಶೇಡಿಂಗ್ ಸರಿ ಇದ್ಯಾ. ಒಬ್ಬ ತಂದೆ ಪೇರೆಂಟ್ಸ್ ಮೀಟಿಂಗಲ್ಲಿ ಮಗನ ಟ್ರಾನ್ಸ್‌ಫಾರ್ಮರ್ ಚಿತ್ರ ನೋಡಿ 'ಸಾರ್, ಇವ್ನು ಹೋದ್ ವರ್ಷ ಎಷ್ಟು ಚೆನ್ನಾಗಿ ಸೀನರಿ ಬರೀತಿದ್ದ' ಅಂದ್ರು, ನಂಗೆ ನಗೂನೂ ಬಂತು, ಬೇಜಾರೂ ಆಯ್ತು. ಅವರದ್ದೂ ತಪ್ಪಲ್ಲ. ಪ್ರಶ್ನೆ ಕೇಳೋದ್ರಿಂದ ಕೈ ಪಳಗಲ್ಲ, ಗೆರೆ ಎಳೆದೂ ಎಳೆದೂನೇ ಪಳಗಬೇಕು. ಕಿಟ್ಟಲ್ಲಿ ಕೈ ಕೆಲಸದ ಬಗ್ಗೆ ಒಂದು ಪುಟಾನೂ ಇಲ್ಲ, ಇದು ದೊಡ್ಡ ಕೊರತೆ. ನಾನು ಈಗ ಒಂದು ಪಿರಿಯಡ್ ಗೆರೆ, ಒಂದು ಪಿರಿಯಡ್ ಪ್ರಶ್ನೆ ಅಂತ ಮಾಡ್ಕೊಂಡಿದೀನಿ. ಮಾರ್ಕ್ಸ್ ಕೊಡೋಕೆ ರಫ್ ನೋಟ್ ನೋಡ್ತೀನಿ, ಎಫ್‌ಎ (ನಡುನಡುವಿನ ಕಿರು ಪರೀಕ್ಷೆ) ಟೈಮಲ್ಲಿ 'ಮೊದಲು ಹೀಗಂದ್ಕೊಂಡಿದ್ದೆ, ಈಗ ಹೀಗೆ' ಅಂತ ಎರಡು ಸಾಲು ಬರೆಸ್ತೀನಿ. ನಮ್ಮ ಲೆಸನ್ ಪ್ಲಾನಲ್ಲಿ ಫೈವ್ ಇ (ಐದು ಹಂತದ ಪಾಠ) ಅಂತ ವರ್ಷಗಟ್ಟಲೆ ಬರ್ಕೊಂಡು ಬಂದಿದೀವಲ್ಲ, ತೊಡಗಿಸು, ಅನ್ವೇಷಿಸು ಅಂತ, ಅದನ್ನ ಹಾಳೇಲಿ ಮಾತ್ರ ಅಲ್ಲದೆ ಕ್ಲಾಸಲ್ಲೂ ಮಾಡಿದ್ದು ಇದೇ ಮೊದಲು, ಈ ಮಾತು ಇನ್ಸ್‌ಪೆಕ್ಷನ್‌ಗೆ ಬರೋರು ಓದದಿದ್ರೆ ಸಾಕು.

ತಗೋಬೇಕಾ ಬೇಡ್ವಾ? ಸಂಘದೋರೋ ದಾನಿಗಳೋ ಕೊಡಿಸ್ತಾರೆ ಅಂದ್ರೆ ಬೇಡ ಅನ್ನಬೇಡಿ, ಪ್ರಿಂಟ್ ಚೆನ್ನಾಗಿದೆ. ಕೈಯಿಂದ ಹಾಕ್ಬೇಡಿ. ಪ್ರಶ್ನೆಗಳು ಬಿಟ್ಟಿ ಸಿಗ್ತವೆ, ಚಿತ್ರ ಹತ್ತು ಕಲರ್ ಪ್ರಿಂಟ್ ತೆಗೆಸಿದ್ರೆ ಒಂದು ವರ್ಷಕ್ಕೆ ಜಾಸ್ತೀನೇ ಆಯ್ತು, ನಾವು 30ರಲ್ಲಿ ಮುಟ್ಟಿದ್ದು ಆರು ಕಾರ್ಡು ಅಷ್ಟೇ. ಉಳಿದ ದುಡ್ಡಿಗೆ ಸ್ವಲ್ಪ ಸೇರಿಸಿ ಮಕ್ಕಳನ್ನ ಮೈಸೂರಿಗೆ ಕರ್ಕೊಂಡೋಗಿ ಮೂಲ ಚಿತ್ರ ತೋರಿಸಿ, ನಾವು ಈ ಸಲ ದಸರಾ ರಜೆ ಆದ್ಮೇಲೆ ಹೋಗೋ ಪ್ಲಾನಲ್ಲಿದೀವಿ. ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ, ಟ್ರೈನಿಂಗ್ ಇಲ್ದಿದ್ರೆ ಮೂರೂವರೆ.

ಹೋದ ತಿಂಗಳು ಮದ್ದೂರು ಕಡೆಯ ಒಬ್ಬ ಡ್ರಾಯಿಂಗ್ ಮೇಷ್ಟ್ರಿಗೂ ಇದೇ ಕಿಟ್ ಬಂದಿದೆ, ಹೊಸ ಬ್ಯಾಚು. ಕಾರ್ಡಿನ ಹಿಂಬದಿ ಫೋಟೋ ತೆಗೆದು ವಾಟ್ಸಾಪ್ ಮಾಡಿದ್ರು. ಇನ್ನೂ ರವಿವರ್ಮ ಅಂತಾನೇ ಇದೆ. 'ವಾಪಸ್ ಕಳ್ಸಿ ಬದಲಾಯಿಸ್ಕೊಳ್ಳಾ ಸಾರ್' ಅಂತ ಕೇಳಿದ್ರು. ಬೇಡ, ಹಾಗೇ ಇಟ್ಕೊಳ್ಳಿ, ಮಕ್ಕಳಿಗೂ ಏನೂ ಹೇಳ್ಬೇಡಿ, ಸುಮ್ನೆ ಮುಂದೆ ಇಡಿ ಅಂದಿದೀನಿ.